ಎರಡು ರೂಪಾಯಿ ಬಡ್ಡಿ ಮತ್ತು ಶನಿವಾರದ ಲೆಕ್ಕಗಳು

ಬ್ಯಾಂಕಿನಿಂದ ಮೆಸೇಜ್ ಬರುತ್ತೆ: ನಿಮ್ಮ ಖಾತೆಗೆ 500 ರೂಪಾಯಿ ಕ್ರೆಡಿಟ್ ಆಗಿದೆ. ದುಡ್ಡು ಬಂತು ಅಂತ ಖುಷಿ. ಅದೇ ಅಕೌಂಟೆನ್ಸಿ ಪುಸ್ತಕದ ಮೊದಲ ಅಧ್ಯಾಯ ತೆಗೆದು ನೋಡಿ, ನಗದು ಬಂದಾಗ ನಗದು ಖಾತೆಯನ್ನು ಡೆಬಿಟ್ ಮಾಡಿ ಅಂತ ಇರುತ್ತೆ. ಹಾಗಾದ್ರೆ ದುಡ್ಡು ಬಂದರೆ ಕ್ರೆಡಿಟ್ಟೋ, ಡೆಬಿಟ್ಟೋ? ಬಿ.ಕಾಂ ಓದುವ ಗೆಳೆಯರು ಈ ಪ್ರಶ್ನೆಗೆ ನಗ್ತಾರೆ. ಇಂಜಿನಿಯರಿಂಗಿನವರಾದ ನಾವು ಇದರ ಮುಂದೆ ಒಂದು ಪೂರ್ತಿ ಶನಿವಾರ ಮಧ್ಯಾಹ್ನ ಕೂತಿದ್ದೆವು.

ನಾವು ಅಂದ್ರೆ ಐದು ಜನ. ಹೆಸರು ಬೇಡ, ಊರಿನಿಂದಲೇ ಗುರುತು ಹೇಳ್ತೀವಿ: ಶಿರಾ, ಗದಗ, ಪುತ್ತೂರು, ಕೋಲಾರ, ಇನ್ನೊಬ್ಬರು ಬೆಂಗಳೂರು. ಮೂರನೇ ಸೆಮಿಸ್ಟರಿನಲ್ಲಿ ಬಿಸಿನೆಸ್, ಫೈನಾನ್ಸ್, ಸ್ಟಾಟಿಸ್ಟಿಕ್ಸ್ ಎಲ್ಲ ಸೇರಿದ ಒಂದು ಓಪನ್ ಎಲೆಕ್ಟಿವ್ ಇತ್ತು. ‘ಸ್ಕೋರಿಂಗ್ ಸಬ್ಜೆಕ್ಟ್ ಕಣ್ರೋ, ತಗೊಳ್ಳಿ’ ಅಂತ ಸೀನಿಯರ್ ಹೇಳಿದರು, ತಗೊಂಡೆವು. ಪರೀಕ್ಷೆ ಮುಗಿದು ಮಾರ್ಕ್ಸೂ ಬಂತು. ಆದರೆ ಲೈಬ್ರರಿಯ ಕೊನೆಯ ಮೇಜಿನಲ್ಲಿ ಶನಿವಾರ ಎರಡು ಗಂಟೆಯಿಂದ ಐದರವರೆಗೆ ಕೂತು ಲೆಕ್ಕ ಬಿಡಿಸುವ ಅಭ್ಯಾಸ ಮಾತ್ರ ನಾಲ್ಕನೇ ಸೆಮಿಸ್ಟರಿಗೂ ಬಂದಿದೆ. ಯಾಕೆ ಬಂತು ಅಂತ ಹೇಳೋಕೇ ಈ ಲೇಖನ.

ಇದು ಯಾರ ಪುಸ್ತಕ?

ಮೊದಲು ಆ ಕ್ರೆಡಿಟ್ ಪ್ರಶ್ನೆ ಮುಗಿಸೋಣ. ಉತ್ತರ ಒಂದೇ ಸಾಲಿನದು. ಬ್ಯಾಂಕಿನ ಮೆಸೇಜು, ಪಾಸ್‌ಬುಕ್ಕು ಎರಡೂ ನಮ್ಮ ಲೆಕ್ಕವಲ್ಲ, ಬ್ಯಾಂಕಿನ ಲೆಕ್ಕದ ಪ್ರತಿ. ನಾವು ಇಟ್ಟ 500 ರೂಪಾಯಿಯನ್ನು ಬ್ಯಾಂಕು ಎಂದಾದರೂ ನಮಗೆ ವಾಪಸ್ ಕೊಡಬೇಕು, ಆದ್ದರಿಂದ ಬ್ಯಾಂಕಿನ ಕಣ್ಣಿಗೆ ಅದು ಸಾಲ. ಸಾಲ ಹೆಚ್ಚಾದರೆ ಕ್ರೆಡಿಟ್. ನಮ್ಮ ಪುಸ್ತಕದಲ್ಲಿ ಅದೇ 500 ಆಸ್ತಿ. ಆಸ್ತಿ ಹೆಚ್ಚಾದರೆ ಡೆಬಿಟ್. ಒಂದೇ ದುಡ್ಡು, ಎರಡು ಪುಸ್ತಕ, ಎರಡು ಪಕ್ಕ. ಅಷ್ಟೇ.

ಇಟಲಿಯ ಲೂಕಾ ಪಚೋಲಿ ಅನ್ನುವ ಗಣಿತದ ಮೇಷ್ಟ್ರು 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ತನ್ನ ದೊಡ್ಡ ಗಣಿತ ಪುಸ್ತಕದೊಳಗೆ ಈ ಎರಡು ಪಕ್ಕದ ಲೆಕ್ಕವನ್ನು ವಿವರಿಸಿದ. ಅದನ್ನು ಕಂಡುಹಿಡಿದವನು ಅವನಲ್ಲ. ವ್ಯಾಪಾರಿಗಳು ಆಗಲೇ ಹಾಗೆ ಬರೆಯುತ್ತಿದ್ದರು, ಇವನು ಅದನ್ನು ಜೋಡಿಸಿ ಅಚ್ಚಿಗೆ ಕೊಟ್ಟ. ಕಿರ್ಚಾಫ್‌ನ ಕರೆಂಟ್ ನಿಯಮ ಓದಿದ ನಮಗೆ ಇದು ಬಹಳ ಹಿಡಿಸಿತು. ನೋಡಿಗೆ ಬಂದದ್ದೆಲ್ಲ ನೋಡಿನಿಂದ ಹೋಗಲೇಬೇಕು ಅಂತ ಅಲ್ಲಿ, ಡೆಬಿಟ್ ಇದ್ದಷ್ಟೇ ಕ್ರೆಡಿಟ್ ಇರಲೇಬೇಕು ಅಂತ ಇಲ್ಲಿ.

ಆವತ್ತಿನಿಂದ ನಮ್ಮ ಮೇಜಿನಲ್ಲಿ ಒಂದು ನಿಯಮ ಬಂತು. ಯಾವ ಲೆಕ್ಕ ಬಂದರೂ ಮೊದಲು ಕೇಳಬೇಕು: ಇದು ಯಾರ ಪುಸ್ತಕ? ಆಮೇಲೆ ಲೆಕ್ಕವನ್ನು ಕನ್ನಡದಲ್ಲಿ ಒಂದು ವಾಕ್ಯದಲ್ಲಿ ಹೇಳಬೇಕು. ಫಾರ್ಮುಲಾ ಆಮೇಲೆ.

ಕನ್ನಡದಲ್ಲಿ ಯಾಕೆ ಅಂತ ಕೇಳಬಹುದು. ನಾವೆಲ್ಲ ಇಂಗ್ಲಿಷ್ ಮೀಡಿಯಮ್ಮಿನವರು. ಪ್ರಿನ್ಸಿಪಲ್, ಡಿಪ್ರಿಸಿಯೇಷನ್, ಲಯಬಿಲಿಟಿ ಅಂತ ಓದುವಾಗ ಕಣ್ಣು ಸುಮ್ಮನೆ ಜಾರಿಕೊಂಡು ಹೋಗುತ್ತೆ. ಅರ್ಥ ಆಯ್ತು ಅನ್ನಿಸುತ್ತೆ, ಯಾಕಂದ್ರೆ ಆ ಪದ ಪರಿಚಯದ್ದು. ಅದನ್ನೇ ಅಸಲು, ಸವಕಳಿ, ಜವಾಬ್ದಾರಿ ಅಂತ ಹೇಳಬೇಕಾದಾಗ ಒಂದು ನಿಮಿಷ ನಿಲ್ಲಬೇಕಾಗುತ್ತೆ. ಆ ನಿಂತ ನಿಮಿಷದಲ್ಲೇ ಲೆಕ್ಕ ಅರ್ಥ ಆಗೋದು. ‘ಸವಕಳಿ’ ಅಂದ ತಕ್ಷಣ ಚಪ್ಪಲಿ ಸವೆದ ಹಾಗೆ ಮಿಷನ್ನು ಸವೆಯೋದು ಕಾಣುತ್ತೆ. ವರ್ಷಕ್ಕಿಷ್ಟು ಅಂತ ಯಾಕೆ ಕಳೆಯುತ್ತಾರೆ ಅಂತ ಬೇರೆ ವಿವರಣೆ ಬೇಕಿಲ್ಲ.

ಪುತ್ತೂರಿನವಳು ಒಂದು ಸಲ ಊರಿಂದ ಬರುವಾಗ ಅವಳ ಅಜ್ಜ ಸದಸ್ಯರಾಗಿರುವ ಸಹಕಾರ ಸಂಘದ ಮಹಾಸಭೆಯ ವರದಿ ತಂದಳು. ತೆಳು ಪುಸ್ತಕ, ಪೂರ್ತಿ ಕನ್ನಡ. ಅದರಲ್ಲಿ ‘ಆಸ್ತಿ ಜವಾಬ್ದಾರಿ ತಃಖ್ತೆ’ ಅಂತ ಒಂದು ಪುಟ. ಅದೇ ಬ್ಯಾಲೆನ್ಸ್ ಶೀಟು! ಷೇರು ಬಂಡವಾಳ, ಠೇವಣಿ, ಕ್ಷೇಮನಿಧಿ ಎಲ್ಲ ಒಂದು ಪಕ್ಕ. ಕೊಟ್ಟ ಸಾಲ, ಕಟ್ಟಡ, ಕೈಯಲ್ಲಿರುವ ಶಿಲ್ಕು ಇನ್ನೊಂದು ಪಕ್ಕ. ಜನ ಇಟ್ಟ ಠೇವಣಿ ಜವಾಬ್ದಾರಿಯ ಪಕ್ಕದಲ್ಲಿ ಇದ್ದದ್ದು ನೋಡಿ ಕೋಲಾರದವನು, ‘ನೋಡ್ರೋ, ಅದೇ ಮೆಸೇಜು’ ಅಂದ. ಸಂಘದ ಪುಸ್ತಕದಲ್ಲಿ ಅಜ್ಜನ ಠೇವಣಿ ಸಾಲ. ಅಜ್ಜನ ಪುಸ್ತಕದಲ್ಲಿ ಅದು ಆಸ್ತಿ. ಎರಡೂ ತಾಳೆ ಆಗುತ್ತೆ.

ಲಾಭ ಇದೆ, ದುಡ್ಡಿಲ್ಲ

ಪುಸ್ತಕದಲ್ಲಿ ಬರುವ ಒಂದು ಮಾದರಿ ಲೆಕ್ಕವನ್ನು ನಮ್ಮ ರೀತಿಯಲ್ಲಿ ಬರೀತೀವಿ. ಒಬ್ಬ ಅಂಗಡಿಯವರು 60,000 ರೂಪಾಯಿ ನಗದು ಕೊಟ್ಟು ಬಟ್ಟೆ ತಂದರು. ಅಷ್ಟನ್ನೂ 90,000ಕ್ಕೆ ಮಾರಿದರು. ಅದರಲ್ಲಿ 50,000 ಉದ್ರಿ. ಲಾಭ ಎಷ್ಟು? 30,000. ಗಲ್ಲಾಪೆಟ್ಟಿಗೆಗೆ ಏನಾಯ್ತು? 60,000 ಹೋಯ್ತು, 40,000 ಬಂತು. 20,000 ಕಡಿಮೆ ಆಯ್ತು.

ಲಾಭ ಮಾಡಿದವರ ಕೈಯಲ್ಲಿ ಮುಂದಿನ ಸಲ ಸರಕು ತರೋಕೆ ದುಡ್ಡಿಲ್ಲ. ಲಾಭದ ಲೆಕ್ಕ ಬೇರೆ, ನಗದಿನ ಹರಿವಿನ ಲೆಕ್ಕ ಬೇರೆ, ಎರಡನ್ನೂ ಬೇರೆ ಬೇರೆ ತಃಖ್ತೆಯಲ್ಲಿ ಯಾಕೆ ಬರೀತಾರೆ ಅನ್ನೋದಕ್ಕೆ ಈ ಒಂದು ಲೆಕ್ಕ ಸಾಕು. ಒಳ್ಳೆ ವ್ಯಾಪಾರ ಇದ್ದೂ ಎಷ್ಟೋ ಅಂಗಡಿ, ಎಷ್ಟೋ ಸ್ಟಾರ್ಟಪ್ ಮುಚ್ಚುವುದು ಲಾಭ ಇಲ್ಲದೆ ಅಲ್ಲ, ಆ ತಿಂಗಳ ಸಂಬಳಕ್ಕೆ ನಗದು ಇಲ್ಲದೆ.

ಗದಗದವಳ ಮನೆಯದು ಬಟ್ಟೆ ಅಂಗಡಿ. ಈ ಲೆಕ್ಕವನ್ನು ಆವತ್ತೇ ರಾತ್ರಿ ಫೋನಿನಲ್ಲಿ ಅಪ್ಪನಿಗೆ ಹೇಳಿದಳಂತೆ, ದೊಡ್ಡ ವಿಷಯ ಕಲಿತ ಹಾಗೆ. ಅವರು ಪೂರ್ತಿ ಕೇಳಿ, ‘ವಸೂಲಿ ಆದಾಗ ಲಾಭ ನೋಡವಾ, ಅಲ್ಲೀತನಕ ಅದು ಬರೇ ಅಕ್ಷರ’ ಅಂದರಂತೆ. ಅವರು ಓದಿದ್ದು ಎಸ್ಸೆಸ್ಸೆಲ್ಸಿ. ನಮ್ಮ ಪುಸ್ತಕದಲ್ಲಿ ಒಂದೂವರೆ ಅಧ್ಯಾಯದಲ್ಲಿರುವುದು ಅವರ ಬಾಯಲ್ಲಿ ಒಂದು ಸಾಲು.

ಇಲ್ಲಿ ಒಂದು ಮಾತು ಸೇರಿಸಬೇಕು. ‘ಹಳೆಯವರಿಗೆ ಎಲ್ಲ ಗೊತ್ತಿತ್ತು, ಪುಸ್ತಕ ಯಾಕೆ’ ಅಂತ ಹೇಳೋ ಉದ್ದೇಶ ನಮ್ಮದಲ್ಲ. ಗದಗದ ಅಪ್ಪನಿಗೆ ಗೊತ್ತಿರುವುದು ಬಹಳ. ಆದರೆ ಉದ್ರಿ ಸರಾಸರಿ ಎಷ್ಟು ದಿನಕ್ಕೆ ವಸೂಲಾಗುತ್ತೆ ಅಂತ ಮಗಳು ಉದ್ರಿ ಪುಸ್ತಕ ಇಟ್ಟುಕೊಂಡು ಲೆಕ್ಕ ಹಾಕಿ ತೋರಿಸಿದಾಗ, ಯಾವ ಗಿರಾಕಿಗೆ ಮಿತಿ ಹಾಕಬೇಕು ಅಂತ ಅವರೇ ಪೆನ್ಸಿಲ್ ತಗೊಂಡು ಗುರುತು ಮಾಡಿದರಂತೆ. ಅನುಭವ ಇರೋರ ಕೈಗೆ ಲೆಕ್ಕ ಸಿಕ್ಕರೆ ಹೀಗೆ ಕೆಲಸ ಆಗುತ್ತೆ.

ಶೇಕಡಾ 12ರ ಒಳಗೆ ಶೇಕಡಾ 21

ಫೈನಾನ್ಸಿನಲ್ಲಿ ನಮ್ಮ ನಿಯಮ ಇನ್ನೂ ಸುಲಭ: ಗೆರೆ ಎಳಿ. ಅಡ್ಡ ಗೆರೆ, ಅದರ ಮೇಲೆ ತಿಂಗಳುಗಳು. ದುಡ್ಡು ಕೈಗೆ ಬಂದರೆ ಮೇಲಕ್ಕೆ ಬಾಣ, ಕೈಯಿಂದ ಹೋದರೆ ಕೆಳಕ್ಕೆ. ಆಮೇಲೆ ಮಾತು.

ಒಂದು ಲಕ್ಷ ರೂಪಾಯಿ ಸಾಲ, 36 ತಿಂಗಳು. ಒಂದು ಕಡೆ ಶೇ. 12 ಫ್ಲಾಟ್ ಅಂತಾರೆ. ಇನ್ನೊಂದು ಕಡೆ ಉಳಿದ ಅಸಲಿನ ಮೇಲೆ ಶೇ. 15 ಅಂತಾರೆ. ಯಾವುದು ಅಗ್ಗ?

ಫ್ಲಾಟ್ ಅಂದ್ರೆ ಪೂರ್ತಿ ಒಂದು ಲಕ್ಷಕ್ಕೆ ಮೂರು ವರ್ಷವೂ ಬಡ್ಡಿ. ವರ್ಷಕ್ಕೆ 12,000, ಮೂರು ವರ್ಷಕ್ಕೆ 36,000. ಒಟ್ಟು 1,36,000, ತಿಂಗಳ ಕಂತು ಸುಮಾರು 3,778 ರೂಪಾಯಿ. ಉಳಿದ ಅಸಲಿನ ಮೇಲೆ ಶೇ. 15 ಆದರೆ ತಿಂಗಳ ಕಂತು ಸುಮಾರು 3,467, ಒಟ್ಟು ಸುಮಾರು 1,24,800. ಹದಿನೈದು ಅಂತ ಹೇಳಿದ್ದು ಹನ್ನೆರಡು ಅಂತ ಹೇಳಿದ್ದಕ್ಕಿಂತ 11,000 ರೂಪಾಯಿಗೂ ಹೆಚ್ಚು ಅಗ್ಗ!

ಕಾರಣ ಗೆರೆ ಎಳೆದರೆ ಗೊತ್ತಾಗುತ್ತೆ. ಕಂತು ಕಟ್ಟಿದ ಹಾಗೆ ಅಸಲು ಕರಗುತ್ತಾ ಹೋಗುತ್ತೆ. ಕೊನೆಯ ತಿಂಗಳಲ್ಲಿ ಸಾಲ ಉಳಿದಿರೋದೇ ಒಂದು ಕಂತಿನಷ್ಟು, ಆದರೆ ಫ್ಲಾಟ್ ಲೆಕ್ಕದಲ್ಲಿ ಆ ತಿಂಗಳೂ ಪೂರ್ತಿ ಲಕ್ಷಕ್ಕೇ ಬಡ್ಡಿ. ಮೂರು ವರ್ಷದಲ್ಲಿ ಸರಾಸರಿ ನಮ್ಮ ಕೈಯಲ್ಲಿರೋದು ಹೆಚ್ಚುಕಡಿಮೆ ಅರ್ಧ ಅಸಲು. ಅಂದಮೇಲೆ ನಿಜವಾದ ದರ ಇಮ್ಮಡಿಯ ಹತ್ತಿರ ಇರಬೇಕು ಅಂತ ಕ್ಯಾಲ್ಕುಲೇಟರ್ ಮುಟ್ಟುವ ಮೊದಲೇ ಹೇಳಬಹುದು. ಸರಿಯಾಗಿ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು ಶೇ. 21.2. ಗಾಡಿ ಸಾಲ, ಫ್ರಿಜ್ಜು, ಫೋನು ಯಾವುದಕ್ಕೇ ಆಗಲಿ ‘ಫ್ಲಾಟ್’ ಅನ್ನೋ ಪದ ಕಿವಿಗೆ ಬಿದ್ದರೆ ಹತ್ತಿರ ಹತ್ತಿರ ಎರಡರಿಂದ ಗುಣಿಸಿ ನೋಡಿ.

ಉತ್ತರವನ್ನು ಮೊದಲೇ ಅಂದಾಜು ಮಾಡೋದು ಅಭ್ಯಾಸದ ಮುಖ್ಯ ಭಾಗ ಅಂತ ನಮಗೆ ಅನ್ನಿಸಿದೆ. ಪರಿಹಾರ ಇರುವ ಪುಟ ಮುಚ್ಚಿಟ್ಟು ಐದೂ ಜನ ತಮ್ಮ ಅಂದಾಜು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಇಡ್ತೀವಿ. ಆಮೇಲೆ ಲೆಕ್ಕ. ಆಮೇಲೆ ಒಂದೇ ಒಂದು ಸಂಖ್ಯೆ ಬದಲಾಯಿಸಿ ಮತ್ತೆ ಲೆಕ್ಕ: 36 ತಿಂಗಳು 12 ಆದರೆ? ದರ ಅರ್ಧ ಆದರೆ? ಫೋನಿಗೆ ಕೇಳಿದರೆ ಉತ್ತರ ಎರಡು ಸೆಕೆಂಡಿಗೆ ಬರುತ್ತೆ, ಅದಕ್ಕೇನೂ ತಕರಾರಿಲ್ಲ. ಆದರೆ ಅಂದಾಜು ನಮ್ಮ ಹತ್ತಿರ ಇದ್ದರೆ ಮಾತ್ರ ಬಂದ ಉತ್ತರ ನಂಬಬಹುದೋ ಇಲ್ಲವೋ ಅಂತ ಗೊತ್ತಾಗುತ್ತೆ.

ಸರಾಸರಿ ಎಂಟು ಲಕ್ಷ

ಸ್ಟಾಟಿಸ್ಟಿಕ್ಸ್ ಅಂದ್ರೆ ಇಂಜಿನಿಯರಿಂಗಿನವರಿಗೆ ಗಣಿತದ ಒಂದು ಮಾಡ್ಯೂಲ್, ಟೇಬಲ್ ನೋಡಿ ತುಂಬಿಸೋದು. ನಮಗೆ ಅದು ಬೇರೆ ಥರ ಕಂಡದ್ದು ಪ್ಲೇಸ್‌ಮೆಂಟ್ ಪೋಸ್ಟರ್‌ಗಳಿಂದ. ಯಾವುದೋ ಒಂದು ಕಾಲೇಜು ಅಂತ ಇಟ್ಟುಕೊಳ್ಳಿ, ಇದು ನಾವೇ ಮಾಡಿಕೊಂಡ ಲೆಕ್ಕ. ಹತ್ತು ಜನಕ್ಕೆ ಕೆಲಸ ಸಿಕ್ಕಿದೆ. ಒಂಬತ್ತು ಜನಕ್ಕೆ ವರ್ಷಕ್ಕೆ 4 ಲಕ್ಷ, ಒಬ್ಬನಿಗೆ 44 ಲಕ್ಷ. ಸರಾಸರಿ 8 ಲಕ್ಷ. ‘ಸರಾಸರಿ ಪ್ಯಾಕೇಜ್ 8 ಲಕ್ಷ’ ಅಂತ ಪೋಸ್ಟರ್ ಹಾಕಿದರೆ ಸುಳ್ಳಲ್ಲ. ಆದರೆ ಆ ಹತ್ತು ಜನರಲ್ಲಿ 8 ಲಕ್ಷ ತಗೊಳ್ಳೋರು ಒಬ್ಬರೂ ಇಲ್ಲ. ಸಾಲಾಗಿ ನಿಲ್ಲಿಸಿ ನಡುವಿನವರನ್ನು ನೋಡಿದರೆ, ಅಂದ್ರೆ ಮಧ್ಯಾಂಕ, 4 ಲಕ್ಷ. ಇನ್ನು ಕೆಲಸ ಸಿಗದೇ ಉಳಿದವರು? ಅವರು ಈ ಭಾಗಾಕಾರದಲ್ಲೇ ಇಲ್ಲ. ಆದ್ದರಿಂದ ‘ಯಾರ ಪುಸ್ತಕ’ ಅನ್ನೋ ಪ್ರಶ್ನೆಗೆ ಜೊತೆಯಾಗಿ ಇನ್ನೊಂದು ಪ್ರಶ್ನೆ ಬಂತು: ಎಷ್ಟು ಜನರಿಂದ ಭಾಗಿಸಿದ್ದೀರಿ?

ಟಿ-ಪರೀಕ್ಷೆಯ ಹಿಂದಿನ ಕತೆ ಗೊತ್ತಾದ ಮೇಲೆ ಆ ಟೇಬಲ್ಲೂ ಇಷ್ಟ ಆಯ್ತು. ವಿಲಿಯಂ ಸೀಲಿ ಗಾಸೆಟ್ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ. ಬಾರ್ಲಿ ಮತ್ತು ಬಿಯರಿನ ಪ್ರಯೋಗಗಳಲ್ಲಿ ಅವನ ಕೈಗೆ ಸಿಗುತ್ತಿದ್ದದ್ದು ನಾಲ್ಕೋ ಐದೋ ಮಾದರಿ. ಅಷ್ಟು ಕಡಿಮೆ ಅಂಕಿಗಳಿಂದ ಎಷ್ಟು ಧೈರ್ಯವಾಗಿ ಮಾತಾಡಬಹುದು ಅನ್ನೋದೇ ಅವನ ಪ್ರಶ್ನೆ. 1908ರಲ್ಲಿ ಉತ್ತರವನ್ನು ‘ಸ್ಟೂಡೆಂಟ್’ ಅನ್ನೋ ಗುಪ್ತನಾಮದಲ್ಲಿ ಪ್ರಕಟಿಸಿದ. ನಮ್ಮ ಲ್ಯಾಬಿನಲ್ಲೂ ರೀಡಿಂಗ್ ಐದೇ. ಅಂಕಿ ಸಾಕಷ್ಟಿದ್ದರೆ ಶೇ. 95ರ ಭರವಸೆಗೆ 1.96ರಿಂದ ಗುಣಿಸ್ತೀವಿ, ಐದೇ ರೀಡಿಂಗ್ ಇದ್ದರೆ 2.776ರಿಂದ. ಅಂದ್ರೆ ಗೊತ್ತಿರೋದು ಕಡಿಮೆ ಇದ್ದಷ್ಟೂ ಮಾತಿನ ಅಗಲ ಹೆಚ್ಚಿಡಬೇಕು. ಲ್ಯಾಬ್ ರೆಕಾರ್ಡಿಗೆ ಮಾತ್ರ ಅಲ್ಲ, ಹಾಸ್ಟೆಲ್ ಚರ್ಚೆಗೂ ಅನ್ವಯಿಸುವ ಸೂತ್ರ ಇದು.

ಈ ವಿಷಯದಲ್ಲಿ ನಮ್ಮ ನೆಲದ ಹೆಸರೂ ಒಂದಿದೆ. ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ಈಗ ವಿಜಯನಗರ ಜಿಲ್ಲೆಯಲ್ಲಿರುವ ಹೂವಿನ ಹಡಗಲಿಯಲ್ಲಿ. 1945ರಲ್ಲಿ, ಇಪ್ಪತ್ತೈದರ ಆಸುಪಾಸಿನಲ್ಲಿದ್ದಾಗ, ಅವರು ಪ್ರಕಟಿಸಿದ ಪ್ರಬಂಧದಲ್ಲಿ ಬಂದದ್ದೇ ಇವತ್ತು ಕ್ರಾಮರ್-ರಾವ್ ಮಿತಿ ಅಂತ ಪ್ರಪಂಚವೆಲ್ಲ ಓದುವ ಫಲಿತಾಂಶ. ಸರಳವಾಗಿ ಹೇಳಬೇಕಂದ್ರೆ, ಕೈಯಲ್ಲಿರುವ ಅಂಕಿಗಳಿಂದ ಪಕ್ಷಪಾತವಿಲ್ಲದ ಅಂದಾಜನ್ನು ಎಷ್ಟೇ ಜಾಣತನದಿಂದ ಮಾಡಿದರೂ ಅದು ಅಲ್ಲಾಡುವುದು ಒಂದು ಮಟ್ಟಕ್ಕಿಂತ ಕಡಿಮೆ ಆಗೋದಿಲ್ಲ. ಜಾಣತನಕ್ಕೂ ಒಂದು ಮಿತಿ ಇದೆ, ಆ ಮಿತಿ ಎಷ್ಟು ಅಂತ ಹಡಗಲಿಯಲ್ಲಿ ಹುಟ್ಟಿದವರೊಬ್ಬರು ಲೆಕ್ಕ ಹಾಕಿ ಹೇಳಿದರು.

ಶಿರಾದ ಲೆಕ್ಕ

ಇಷ್ಟೆಲ್ಲ ಪುಸ್ತಕದ ಮಾತಾಯ್ತು. ಶನಿವಾರಗಳು ನಿಲ್ಲದೇ ಇರೋಕೆ ನಿಜವಾದ ಕಾರಣ ಶಿರಾದವನು ತಂದ ಲೆಕ್ಕ. ಅವನೇ ‘ಬರೀರಿ, ಬೇರೆಯವರಿಗೂ ಉಪಯೋಗ ಆಗುತ್ತೆ’ ಅಂದಿದ್ದರಿಂದ ಬರೀತಿದ್ದೀವಿ.

ಅವನ ಓದಿಗೆ ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಇದೆ. ಎರಡು ವರ್ಷಕ್ಕೆ ಎರಡು ಲಕ್ಷ ಬಂದಿದೆ, ಬಡ್ಡಿ ಶೇ. 10. ಓದು ಮುಗಿದು ಒಂದು ವರ್ಷದವರೆಗೆ ಕಟ್ಟಲೇಬೇಕು ಅಂತಿಲ್ಲ, ಅಲ್ಲಿಯವರೆಗೂ ಸರಳ ಬಡ್ಡಿ ಮಾತ್ರ ಸೇರುತ್ತಾ ಹೋಗುತ್ತೆ. ಆದರೂ ಅವನ ಅಪ್ಪ ತಿಂಗಳು ತಪ್ಪದೆ ಬ್ಯಾಂಕಿಗೆ ಆ ಬಡ್ಡಿ, ಅಂದ್ರೆ 1,667 ರೂಪಾಯಿ, ಕಟ್ಟುತ್ತಿದ್ದರು. ಅದೇ ಹೊತ್ತಿಗೆ ಊರಿನಲ್ಲಿ ಇನ್ನೊಂದು ಸಾಲ. ಬೋರ್‌ವೆಲ್ ಮೋಟರ್ ಸುಟ್ಟಾಗ ತಂದ 50,000. ಎರಡು ರೂಪಾಯಿ ಬಡ್ಡಿ.

ಬೆಂಗಳೂರಿನವರಿಗೆ ‘ಎರಡು ರೂಪಾಯಿ ಬಡ್ಡಿ’ ಅಂದ್ರೆ ಏನು ಅಂತ ವಿವರಿಸಬೇಕಾಯ್ತು. ನೂರು ರೂಪಾಯಿಗೆ ತಿಂಗಳಿಗೆ ಎರಡು ರೂಪಾಯಿ. ಕೇಳೋಕೆ ಎಷ್ಟು ಚಿಕ್ಕದು! ವರ್ಷಕ್ಕೆ ಶೇ. 24. ಕಟ್ಟದೆ ಬಿಟ್ಟು ಬಡ್ಡಿಗೆ ಬಡ್ಡಿ ಸೇರಿದರೆ 35 ತಿಂಗಳಿಗೆ ಇಮ್ಮಡಿ. ಅವನ ಅಪ್ಪ ಬಡ್ಡಿ ಬಿಡುತ್ತಿರಲಿಲ್ಲ, ತಿಂಗಳಿಗೆ 1,000 ಕೊಡುತ್ತಿದ್ದರು. ಅಸಲು ಹಾಗೇ ನಿಂತಿತ್ತು.

ಗೆರೆ ಎಳೆದೆವು. ಮನೆಯಿಂದ ತಿಂಗಳಿಗೆ ಹೋಗ್ತಿರೋದು ಒಟ್ಟು 2,667. ಮೊದಲ ದಾರಿ, ಈಗಿನಂತೆಯೇ ಮುಂದುವರಿಯೋದು. 24 ತಿಂಗಳಾದ ಮೇಲೆ ಸುಮಾರು 64,000 ಹೋಗಿರುತ್ತೆ, ಬ್ಯಾಂಕಿನ ಬಡ್ಡಿ ಬಾಕಿ ಇರಲ್ಲ, ಆದರೆ ಊರಿನ 50,000 ಸಾಲ ಹಾಗೇ ಇರುತ್ತೆ. ಎರಡನೇ ದಾರಿ, ಬ್ಯಾಂಕಿಗೆ ಕಟ್ಟೋದು ಸದ್ಯಕ್ಕೆ ನಿಲ್ಲಿಸಿ ಆ 2,667 ಪೂರ್ತಿ ಊರಿನ ಸಾಲಕ್ಕೆ ಹಾಕೋದು. 24ನೇ ತಿಂಗಳಿಗೆ ಆ ಸಾಲ ಸೊನ್ನೆ. ಬ್ಯಾಂಕಿನಲ್ಲಿ ಈಗಿನ ಎರಡು ಲಕ್ಷದ ಮೇಲೆ 40,000 ಬಡ್ಡಿ ಸೇರಿರುತ್ತೆ. ಮುಂದೆ ಬರುವ ಸಾಲದ ಕಂತುಗಳು ಎರಡು ದಾರಿಗೂ ಒಂದೇ, ಅದನ್ನು ಬಿಟ್ಟೆವು. ಹೋದ ದುಡ್ಡು ಹೆಚ್ಚುಕಡಿಮೆ ಅಷ್ಟೇ. ಒಂದು ಕಡೆ ಉಳಿದದ್ದು ಶೇ. 24ರ 50,000, ಇನ್ನೊಂದು ಕಡೆ ಉಳಿದದ್ದು ಶೇ. 10ರ ಸಾಲದಲ್ಲಿ ಸೇರಿದ 40,000. ನೇರವಾಗಿ ಹತ್ತು ಸಾವಿರದ ವ್ಯತ್ಯಾಸ.

ಪುಸ್ತಕ ಆಗಿದ್ದರೆ ಇಲ್ಲಿಗೆ ಉತ್ತರದ ಕೆಳಗೆ ಎರಡು ಗೆರೆ ಎಳೆಯಬಹುದಿತ್ತು.

ಅವನು ಮನೆಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. ಲೆಕ್ಕ ಪೂರ್ತಿ ಹೇಳಿದ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಅಲ್ಲ ಮಗ, ಊರಿನ ಸಾಲ ನನ್ ಹೆಸರಲ್ಲೈತೆ. ಬ್ಯಾಂಕಿಂದು ನಿನ್ ಹೆಸರಲ್ಲೈತೆ. ನೀನು ಕೆಲ್ಸಕ್ಕೆ ಸೇರೋ ಹೊತ್ಗೆ ನಿನ್ ತಲೆ ಮೇಲೆ ಬಡ್ಡಿ ಬೆಳ್ದಿರಬಾರ್ದು ಅಂತ ಕಟ್ತಿದೀನಿ ಕಣಪ್ಪ’ ಅಂದರು.

ಐದೂ ಜನ ಸುಮ್ಮನೆ ಕೂತಿದ್ದೆವು. ನಾವು ಒಂದು ಮನೆಯ ಒಂದೇ ಪುಸ್ತಕ ಅಂತ ಲೆಕ್ಕ ಹಾಕಿದ್ದೆವು. ಅವರು ಎರಡು ಪುಸ್ತಕ ಇಟ್ಟಿದ್ದರು, ಒಂದು ತಮ್ಮದು, ಒಂದು ಮಗನದು. ತಮ್ಮ ಪುಸ್ತಕದಲ್ಲಿ ನಷ್ಟ ಬರೆದುಕೊಂಡು ಮಗನ ಪುಸ್ತಕ ಸೊನ್ನೆಯಲ್ಲಿ ಇಡೋದು ಅವರ ಲೆಕ್ಕ. ಅದರಲ್ಲಿ ತಪ್ಪು ಅಂತ ತೋರಿಸೋಕೆ ಯಾವ ಫಾರ್ಮುಲಾನೂ ಇಲ್ಲ.

ಶಿರಾದವನು ಒಂದೇ ಮಾತು ಹೇಳಿದ: ‘ಅಪ್ಪಾ, ಎರಡೂ ಒಂದೇ ಪುಸ್ತಕ ಮಾಡಿಬಿಡಣ. ಊರಿನ ಸಾಲ ನಂದೂ ಹೌದು.’

ಅದಾದ ಮೇಲೆ ಮಾತು ಕೆಲಸದ ಕಡೆ ತಿರುಗಿತು. ಸಾಲ ಕೊಟ್ಟವರು ಅಸಲನ್ನು ಬಿಡಿಬಿಡಿಯಾಗಿ ತಗೊಳ್ಳಲ್ಲ, ಕೊಟ್ಟರೆ ಒಟ್ಟಿಗೆ ಕೊಡಬೇಕು ಅಂತ ಅಪ್ಪ ಹೇಳಿದರು. ಇದು ನಮ್ಮ ಗೆರೆಯ ಮೇಲೆ ಇರಲೇ ಇಲ್ಲ, ಯಾವ ಪುಸ್ತಕದ ಲೆಕ್ಕದಲ್ಲೂ ಇರಲ್ಲ. ಕೊನೆಗೆ ಅವರೇ ಹೋಗಿ ಕೇಳಿದ್ದಕ್ಕೆ ಹತ್ತು ಹತ್ತು ಸಾವಿರ ಆದರೆ ತಗೋತೀನಿ ಅಂದರಂತೆ. 1,667ರ ಹಾಗೆ ಆರು ತಿಂಗಳು ಕೂಡಿಟ್ಟರೆ 10,000. ಒಂದು ಹತ್ತು ಸಾವಿರ ಹೋದರೆ ತಿಂಗಳ ಬಡ್ಡಿ 200 ಇಳಿಯುತ್ತೆ, ಆ 200 ಮುಂದಿನ ಹತ್ತು ಸಾವಿರಕ್ಕೆ ಸೇರುತ್ತೆ. 24 ತಿಂಗಳಿಗೆ ಮುಗಿಯಲ್ಲ, ಸ್ವಲ್ಪ ತಡ ಆಗುತ್ತೆ. ಆಗಲಿ.

ಇಂಥದ್ದೇ ಸಾಲ ಇರೋರಿಗೆ ಒಂದು ಸೂಚನೆ. ಓದುವಾಗಲೇ ಬಡ್ಡಿ ಕಟ್ಟಿದರೆ ಕೆಲವು ಬ್ಯಾಂಕುಗಳು ಬಡ್ಡಿದರದಲ್ಲಿ ಸ್ವಲ್ಪ ರಿಯಾಯಿತಿ ಕೊಡುತ್ತವೆ. ಶಿರಾದವನು ತನ್ನ ಸಾಲಕ್ಕೆ ಅದು ಇಲ್ಲ ಅಂತ ಮ್ಯಾನೇಜರ್ ಹತ್ತಿರ ಖಚಿತ ಮಾಡಿಕೊಂಡೇ ಮುಂದೆ ಹೋದದ್ದು. ನೀವೂ ನಿಮ್ಮ ಸಾಲದ ಪತ್ರ ಓದಿ, ಬ್ಯಾಂಕಿನಲ್ಲಿ ಕೇಳಿ, ಆಮೇಲೆ ಗೆರೆ ಎಳೆಯಿರಿ. ಹೊರಗೆ ಬೇರೆ ಸಾಲ ಇಲ್ಲದ ಮನೆಯಲ್ಲಿ, ಕೈಯಲ್ಲಿ ದುಡ್ಡು ಇದ್ದರೆ, ಈಗಲೇ ಕಟ್ಟೋದೇ ಸರಿ ಇರಬಹುದು. ಉತ್ತರ ಬಡ್ಡಿದರದಲ್ಲಿ ಮಾತ್ರ ಇಲ್ಲ, ಆ 1,667 ರೂಪಾಯಿಗೆ ಮನೆಯಲ್ಲಿ ಇನ್ಯಾವ ಕೆಲಸ ಕಾಯುತ್ತಿದೆ ಅನ್ನೋದರಲ್ಲಿದೆ. ಪುಸ್ತಕದಲ್ಲಿ ಅದಕ್ಕೆ ಆಪರ್ಚುನಿಟಿ ಕಾಸ್ಟ್ ಅಂತಾರೆ.

ಇದನ್ನು ಬರೆಯುವ ಹೊತ್ತಿಗೆ ಶಿರಾದಲ್ಲಿ ಮೂರು ತಿಂಗಳ ದುಡ್ಡು ಸೇರಿದೆ, ಸುಮಾರು 5,000. ಕಡ್ಲೆಕಾಯಿ ಚೆನ್ನಾಗಿ ಬಂದರೆ ಬೇಗ ಆಗುತ್ತೆ ಅಂತಾರೆ ಅವನ ಅಪ್ಪ. ಮಳೆಯ ಅಂದಾಜು ಮಾತ್ರ ನಾವು ಚೀಟಿಯಲ್ಲಿ ಬರೆಯಲ್ಲ.

ನಿಮಗೊಂದು ಲೆಕ್ಕ

ಇಷ್ಟು ಓದಿದವರನ್ನು ಬರಿಗೈಯಲ್ಲಿ ಕಳಿಸೋದು ಬೇಡ. ಇದು ಕೋಲಾರದವನು ಕೊಟ್ಟದ್ದು, ಅವನ ಅಮ್ಮ ಚೀಟಿ ಹಾಕ್ತಾರೆ. ಅಂಕಿ ನಾವು ಸುಲಭ ಮಾಡಿದ್ದೀವಿ.

ಹತ್ತು ಜನ, ಹತ್ತು ತಿಂಗಳು, ತಿಂಗಳಿಗೆ ತಲಾ 1,000 ರೂಪಾಯಿ. ಎರಡನೇ ತಿಂಗಳಲ್ಲಿ ಒಬ್ಬರು 2,000 ಬಿಟ್ಟುಕೊಟ್ಟು 8,000ಕ್ಕೆ ಚೀಟಿ ಎತ್ತುತ್ತಾರೆ. ಆಮೇಲೂ ಕೊನೆಯವರೆಗೆ ತಿಂಗಳಿಗೆ 1,000 ಕಟ್ಟುತ್ತಾರೆ. ಬಿಟ್ಟುಕೊಟ್ಟ ದುಡ್ಡು ಸದಸ್ಯರಿಗೆ ಹಂಚಿಕೆಯಾಗಿ ವಾಪಸ್ ಬರೋದನ್ನು ಸದ್ಯಕ್ಕೆ ಲೆಕ್ಕಕ್ಕೆ ತಗೋಬೇಡಿ. ಅವರು ತಿಂಗಳಿಗೆ ಶೇಕಡಾ ಎಷ್ಟು ಬಡ್ಡಿ ಕೊಟ್ಟ ಹಾಗಾಯ್ತು?

ಗೆರೆ ಎಳೆಯಿರಿ. ಮೊದಲ ಬಾಣ ಕೆಳಕ್ಕೆ, ಎರಡನೆಯದು ಮೇಲಕ್ಕೆ, ಉಳಿದ ಎಂಟು ಮತ್ತೆ ಕೆಳಕ್ಕೆ. ದಿಕ್ಕು ಎರಡು ಸಲ ಬದಲಾಯ್ತು ಅನ್ನೋದನ್ನು ಗಮನಿಸಿ. ಸಮೀಕರಣ ಬರೆದು ಬಿಡಿಸಿದರೆ ಉತ್ತರ ಒಂದಲ್ಲ, ಎರಡು ಬರುತ್ತೆ. ಒಂದು ನಂಬುವಂಥದ್ದು, ಇನ್ನೊಂದು ನೋಡಿದರೆ ನಗು ಬರುವಂಥದ್ದು. ನಗು ಬರೋದನ್ನು ಯಾಕೆ ಬಿಡಬೇಕು ಅಂತ ಒಂದು ವಾಕ್ಯದಲ್ಲಿ, ಕನ್ನಡದಲ್ಲಿ, ಹೇಳಬೇಕು. ಮೊದಲು ಅಂದಾಜು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಉತ್ತರ ಸಿಕ್ಕವರು, ಸಿಗದೇ ತಲೆ ಕೆಟ್ಟವರು ಇಬ್ಬರೂ ಬನ್ನಿ. ಶನಿವಾರ ಎರಡು ಗಂಟೆ, ಲೈಬ್ರರಿಯ ಕೊನೆಯ ಮೇಜು. ಕುರ್ಚಿ ಐದೇ ಇದೆ, ಪಕ್ಕದ ಮೇಜಿನಿಂದ ಎಳ್ಕೊಂಡರಾಯ್ತು.